ಶುಕ್ರವಾರದ ಚೆಕ್ಕು

ವಿದ್ಯಾನಗರ, ಶಿವಮೊಗ್ಗ
೧೯ ನವೆಂಬರ್ ೨೦೦೬, ಭಾನುವಾರ

ಪ್ರೀತಿಯ ಮಹಾಂತಮ್ಮ ಅತ್ತಿಗೆಗೆ, ಸುಮನಾಳ ನಮಸ್ಕಾರ.

ನಿಮ್ಮ ಎರಡೂ ಕಾಗದ ಬಂದಿವೆ. ದೀಪಾವಳಿಗೆ ಬರೆದದ್ದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ ಅಂದರೆ ನನ್ನ ಸೋಮಾರಿತನ ಎಷ್ಟೆಂದು ನೀವೇ ತಿಳಿದುಕೊಳ್ಳಿ. ಬೈಯಿರಿ, ಆದರೆ ಕಾಗದದಲ್ಲೇ ಬೈಯಿರಿ. ಫೋನ್ ಮಾಡಿದರೆ ನಾವು ಎತ್ತುವುದಿಲ್ಲ. ಬೆಳಿಗ್ಗೆ ಶುರುವಾದರೆ ಕ್ರೆಡಿಟ್ ಕಾರ್ಡಿನವರ ಫೋನು ಸಂಜೆಯವರೆಗೂ ಬಡಿದುಕೊಳ್ಳುತ್ತಲೇ ಇರುತ್ತದೆ. ಒಂದು ಸಲ ಹೆಂಗಸಿನ ದನಿ, ಒಂದು ಸಲ ಗಂಡಸಿನ ದನಿ. ಮೊದಲು ‘ಸರ್’, ಆಮೇಲೆ ‘ಏನ್ರೀ’, ಕೊನೆಗೆ ಏಕವಚನ. ನಮ್ಮ ಪುಟ್ಟಿ ಆ ಫೋನಿನ ಮೇಲೆ ದಿಂಬು ಹಾಕಿಟ್ಟಿದ್ದಾಳೆ. ತುರ್ತಿದ್ದರೆ ಮೂರು ರಿಂಗ್ ಕೊಟ್ಟು ಇಟ್ಟು, ಮತ್ತೆ ಮಾಡಿ. ನಮ್ಮವರದೇ ಅಂತ ತಿಳಿದು ಎತ್ತುತ್ತೇವೆ.

ಅತ್ತೆಯ ಮೊಣಕಾಲು ನೋವು ಹಾಗೇ ಇದೆ. ನೀವು ಕಳಿಸಿದ ಎಣ್ಣೆಯನ್ನು ತಾವು ಹಚ್ಚಿಕೊಳ್ಳದೆ ಪಕ್ಕದ ಮನೆಯ ಲಿಂಗಮ್ಮನವರಿಗೆ ಅರ್ಧ ಬಗ್ಗಿಸಿ ಕೊಟ್ಟಿದ್ದಾರೆ. ನಿಮ್ಮ ತಾಯಿ ನಿಮಗೆ ಗೊತ್ತಿಲ್ಲವೇ. ಇನ್ನೊಂದು ಸುದ್ದಿ ಹೇಳಿದರೆ ನೀವು ನಂಬುವುದಿಲ್ಲ. ಶುಕ್ರವಾರ ಬಂದರೆ ಒಂದು ಕಾಸನ್ನೂ ಹೊಸಿಲು ದಾಟಿಸದ ಅತ್ತೆ, ಈಗ ಹಾಲಿನ ಕೆಂಚಪ್ಪನಿಗೆ ಶುಕ್ರವಾರವೇ ದುಡ್ಡು ಕೊಡುತ್ತಾರೆ. ಅವನು ನಾಳೆ ತಗೊಳ್ತೀನಿ ಅಂದರೂ ಬಿಡುವುದಿಲ್ಲ. ಹೂವಿನವಳನ್ನು ಗೇಟಿನವರೆಗೆ ಹೋಗಿ ಕೂಗಿ ಕರೆಯುತ್ತಾರೆ. ವಯಸ್ಸಾದ ಮೇಲೆ ನಿಮ್ಮ ತಾಯಿ ನಾಸ್ತಿಕರಾದರು ಅಂತ ಪುಟ್ಟಿ ನಗುತ್ತಾಳೆ.

ಇನ್ನು ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ‘ತಮ್ಮನ ಸಾಲ ನಿಜವಾಗಿ ಎಷ್ಟಿದೆ, ಮುಚ್ಚಿಡದೆ ಬರಿ’ ಅಂದಿದ್ದೀರಿ. ಅತ್ತಿಗೆ, ನನಗೂ ಸರಿಯಾಗಿ ಗೊತ್ತಿಲ್ಲ. ಅದು ಒಂದು ಕಡೆ ನಿಂತಿದ್ದರೆ ತಾನೇ ನೋಡುವುದು.

ಶುರುವಾದದ್ದು ಬ್ಯಾಂಕಿನ ಓಡಿಯಿಂದ, ಅದೇ ಓವರ್‌ಡ್ರಾಫ್ಟ್ ಸಾಲದಿಂದ. ಮಾಚೇನಹಳ್ಳಿಯ ನಮ್ಮ ಲೇತ್ ಮಷೀನಿನ ಶೆಡ್ಡಿಗೆ ಮಾವ ಇದ್ದಾಗಲೇ ತೆಗೆಸಿದ್ದು, ಈ ಮನೆಯ ಪತ್ರ ಇಟ್ಟು. ಮನೆ ಅತ್ತೆಯ ಹೆಸರಿನಲ್ಲಿದೆಯಲ್ಲ, ಹಾಗಾಗಿ ವರ್ಷಕ್ಕೊಂದು ಸಲ ರಿನ್ಯೂವಲ್ಲಿಗೆ ಅವರೇ ಬ್ಯಾಂಕಿಗೆ ಹೋಗಿ ಸಹಿ ಹಾಕಬೇಕು. ಭದ್ರಾವತಿಯ ಫೌಂಡ್ರಿಯವರು ನಾವು ಕಡೆದು ಕೊಟ್ಟ ಮಾಲಿಗೆ ಮೂರು ನಾಲ್ಕು ತಿಂಗಳು ದುಡ್ಡು ಕೊಡದೆ ಆಡಿಸುತ್ತಾರೆ. ಅಷ್ಟರಲ್ಲಿ ಓಡಿ ತುಂಬಿಹೋಗುತ್ತದೆ. ಹೋದ ವರ್ಷ ಮ್ಯಾನೇಜರು ಅತ್ತೆಯ ಎದುರಿಗೇ, ‘ಏನಮ್ಮ, ಮಗನಿಗೆ ಸ್ವಲ್ಪ ಬುದ್ಧಿ ಹೇಳಿ’ ಅಂದುಬಿಟ್ಟರಂತೆ. ನಿಮ್ಮ ತಮ್ಮನಿಗೆ ಅದು ಚುಚ್ಚಿತು. ಇನ್ನು ಅಮ್ಮನನ್ನು ಆ ಬ್ಯಾಂಕಿನ ಮೆಟ್ಟಿಲು ಹತ್ತಿಸುವುದಿಲ್ಲ ಅಂತ ಹಟ ಹಿಡಿದರು.

ಆಗ ಸಿಕ್ಕಿದವನು ಚಂದ್ರಹಾಸ ಅಂತ, ಕಾರ್ಡು ಮಾಡಿಸಿ ಕೊಡುವವನು. ಟೈ ಕಟ್ಟಿಕೊಂಡು ಬಂದು, ನಮ್ಮ ಸೋಫಾದ ಮೇಲೆ ಕೂತು, ಅತ್ತೆ ಕೊಟ್ಟ ಮಂಡಕ್ಕಿ ತಿಂದು ಹೋದ. ಪತ್ರ ಬೇಡ, ಜಾಮೀನು ಬೇಡ, ಕಾರ್ಡಿನ ಮೇಲೆ ಡ್ರಾಫ್ಟ್ ಕೊಡ್ತಾರೆ, ಅದನ್ನ ಓಡಿಗೆ ಕಟ್ಟಿ ಅಂದ. ಆ ಕಾರ್ಡಿಗೆ ಬಡ್ಡಿ ಶುರುವಾಗುವ ಹೊತ್ತಿಗೆ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ದಾಟಿಸಿದರೆ ಆರೇಳು ತಿಂಗಳು ಬಡ್ಡಿ ಸೊನ್ನೆಯಂತೆ. ನಾನು ಬಾಗಿಲಲ್ಲಿ ನಿಂತು, ‘ಅವರ ಟೋಪಿ ಇವರಿಗೆ, ಇವರ ಟೋಪಿ ಅವರಿಗೆ ಹಾಕೋದಲ್ವಾ ಇದು?’ ಅಂದೆ. ಅವನು ನಕ್ಕು, ‘ಇದು ಸಾಲ ಅಲ್ಲ ಮೇಡಂ, ಟ್ರಾನ್ಸ್‌ಫರ್’ ಅಂದ. ಸರ್ಕಾರಿ ನೌಕರನಿಗೂ ಟ್ರಾನ್ಸ್‌ಫರ್ ಆದಷ್ಟಕ್ಕೆ ಸಂಸಾರದ ಭಾರ ಕರಗುವುದಿಲ್ಲ ಅಂತ ಅವನಿಗೆ ಯಾರು ಹೇಳಬೇಕು.

ಓಡಿ ತೀರಿತು. ನಿಮ್ಮ ತಮ್ಮ ಅವತ್ತು ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಿದ್ದರು. ತೀರಿದ ಓಡಿಯನ್ನು ಮುಚ್ಚಿಸಿ ಮನೆಪತ್ರ ತಂದಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ. ಖಾಲಿ ಓಡಿ ಕಣ್ಣೆದುರಿಗೆ ಇದೆ, ಫೌಂಡ್ರಿಯ ದುಡ್ಡು ಬಂದಿಲ್ಲ, ಶೆಡ್ಡಿನ ಶೇಷಪ್ಪನವರಿಗೆ, ಹುಡುಗರಿಗೆ ಬಟವಾಡೆ ಕೊಡಬೇಕು. ಸ್ವಲ್ಪ ಸ್ವಲ್ಪ ಅಂತ ತೆಗೆದು ಓಡಿಯನ್ನು ಮತ್ತೆ ಕಂಠಮಟ್ಟ ತುಂಬಿಸಿದರು. ಇತ್ತ ಕಾರ್ಡಿನ ಬಾಕಿ ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟುತ್ತಲೇ ಇತ್ತು. ಪ್ರತಿ ಸಲ ದಾಟುವಾಗ ಒಂದಿಷ್ಟು ಫೀಜು ಅಂತ ಹಿಡಿದುಕೊಳ್ಳುತ್ತಿದ್ದರು. ಒಂದಿದ್ದ ಸಾಲ ಎರಡಾಯಿತು.

ವರಮಹಾಲಕ್ಷ್ಮಿ ಹಬ್ಬದ ದಿನ ಆದದ್ದು ನಿಮಗೆ ಗೊತ್ತೇ ಇದೆ. ಕೊನೆಗೆ ದಾಟಿಸಿದ್ದ ಕಾರ್ಡಿಗೆ ಸೊನ್ನೆ ಬಡ್ಡಿ ಇನ್ನೂ ಆರು ತಿಂಗಳಿತ್ತು, ಆದರೆ ಷರತ್ತೇನು ಅಂದರೆ ತಿಂಗಳ ಕಂತು ಒಂದು ದಿನವೂ ತಡವಾಗಬಾರದು. ಆ ಬ್ಯಾಂಕಿಗೆ ನಮ್ಮೂರಲ್ಲಿ ಆಫೀಸೇ ಇಲ್ಲ. ನೆಹರೂ ರಸ್ತೆಯ ಒಂದು ಕಟ್ಟಡದಲ್ಲಿ ಡಬ್ಬಿ ತೂಗುಹಾಕಿದ್ದಾರೆ, ಶುಕ್ರವಾರ ಸಂಜೆಯೊಳಗೆ ಅದರಲ್ಲಿ ಚೆಕ್ಕು ಬೀಳಬೇಕಿತ್ತು. ನಿಮ್ಮ ತಮ್ಮ ಚೆಕ್ಕು ಬರೆದು ಜೇಬಿಗೆ ಇಟ್ಟುಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. ಅತ್ತೆ ಕಲಶದ ಮುಂದೆ ಕೂತಿದ್ದವರು ತಿರುಗಿ, ‘ಲಕ್ಷ್ಮಿ ಕೂತಿರೋ ದಿನ ದುಡ್ಡು ಹೊರಗೆ ಕಳಿಸ್ಬೇಡಪ್ಪ, ನಾಳೆ ಹಾಕು’ ಅಂದರು. ಇವರು ಅಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಲಿಂಗಪೂಜೆ ಮಾಡಿಕೊಂಡು ತಿಂಡಿ ತಿನ್ನು ಅಂತ ಅತ್ತೆ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರೂ ಕೇಳದ ಮನುಷ್ಯ, ಅವತ್ತು ಅಷ್ಟು ವಿಧೇಯರಾಗಿದ್ದು ನೋಡಿ ನನಗೇ ಆಶ್ಚರ್ಯವಾಗಿತ್ತು.

ಚೆಕ್ಕು ಸೋಮವಾರ ಡಬ್ಬಿಗೆ ಬಿತ್ತು. ಸೊನ್ನೆ ಹೋಯಿತು, ಇಡೀ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗಿಂತ ಹೆಚ್ಚು ಬಡ್ಡಿ ಬಿತ್ತು. ಗಿರವಿ ಅಂಗಡಿಯವನೂ ನಾಚಬೇಕು. ಅಲ್ಲಿಂದ ಒಂದು ಕಾರ್ಡಿನಲ್ಲಿ ತಪ್ಪಿದ್ದು ಉಳಿದವರಿಗೂ ಗೊತ್ತಾಗಿ, ಇವರ ಹೆಸರಿಗೆ ಹೊಸ ಕಾರ್ಡು ಯಾರೂ ಕೊಡುತ್ತಿಲ್ಲ. ದಾಟಿಸಲು ಇನ್ನೊಂದು ದಡವೇ ಇಲ್ಲದ ಹಾಗಾಯಿತು. ನೀವು ಗೌರಿಹಬ್ಬಕ್ಕೆ ಫೋನ್ ಮಾಡಿದಾಗ, ನಿನ್ನ ಶುಕ್ರವಾರದ ಶಾಸ್ತ್ರವೇ ತಮ್ಮನನ್ನು ಮುಳುಗಿಸಿತು ಅಂತ ಅತ್ತೆಗೆ ಅಂದ ಮಾತು ನನಗೂ ಕೇಳಿಸಿತ್ತು. ನಾನು ತಪ್ಪು ಅನ್ನುವುದಿಲ್ಲ, ನನಗೂ ಅವರ ಮೇಲೆ ಸಿಟ್ಟು ಬಂದಿತ್ತು.

ಈಗ ಬಂದಿರುವುದು ನನ್ನ ಕುತ್ತಿಗೆಗೆ. ಚಂದ್ರಹಾಸ ಮತ್ತೆ ಬಂದಿದ್ದ. ನನ್ನದು ಸರ್ಕಾರ ಕೊಡುವ ಏಡೆಡ್ ಸ್ಕೂಲಿನ ಸಂಬಳವಲ್ಲವೇ, ಮೇಡಂ ಹೆಸರಲ್ಲಿ ಮಾಡಿಸೋಣ, ದೊಡ್ಡ ಲಿಮಿಟ್ ಸಿಗುತ್ತೆ, ಎಲ್ಲ ಅದಕ್ಕೇ ದಾಟಿಸಿಬಿಡಿ ಅಂದಿದ್ದಾನೆ. ಬುಧವಾರ ಸಂಜೆ ನನ್ನ ಸಹಿಗೆ, ಸಂಬಳದ ಚೀಟಿಗೆ ಬರುತ್ತಾನೆ. ನಾನು ಸಹಿ ಹಾಕಿದರೆ ಈ ಮನೆಯಲ್ಲಿ ಉಳಿದಿರುವ ಒಂದೇ ಒಂದು ಚೊಕ್ಕ ಹೆಸರೂ ಹೋಗುತ್ತದೆ. ನಾಳೆ ಆ ಫೋನು ನಮ್ಮ ಹೆಡ್‌ಮಾಸ್ಟರ ಮೇಜಿನ ಮೇಲೆ ಬಡಿದುಕೊಳ್ಳುತ್ತದೆ. ಹಾಕದಿದ್ದರೆ ಗಂಡ ಮುಳುಗುವಾಗ ಕೈ ಕೊಡದವಳು ಅನ್ನಿಸಿಕೊಳ್ಳುತ್ತೇನೆ.

ಹಾಕುವುದಿಲ್ಲ ಅಂತಲೇ ತೀರ್ಮಾನಿಸಿದ್ದೆ. ಇವತ್ತು ಬೆಳಿಗ್ಗೆ ಅತ್ತೆ ಬಂದು ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತರು. ಆ ಮೊಣಕಾಲಿನಲ್ಲಿ ಕೂರುವುದೇ ಕಷ್ಟ. ನನ್ನ ಒದ್ದೆ ಕೈ ಹಿಡಿದುಕೊಂಡು, ‘ನನ್ನ ತಪ್ಪಿಗೆ ನೀನೊಂದು ಸಹಿ ಹಾಕಮ್ಮ ಸುಮಾ’ ಅಂದರು. ಅವರನ್ನು ಎಬ್ಬಿಸಿ ಒಳಗೆ ಕೂರಿಸಿ ಬಂದೆ ಅತ್ತಿಗೆ. ಈ ಮನೆಗೆ ನನ್ನನ್ನು ನೋಡಿ ಒಪ್ಪಿ ತಂದವರು ನೀವು. ಈಗ ನಾನೇನು ಮಾಡಲಿ ಅಂತಲೂ ನೀವೇ ಹೇಳಿ. ನಾಳೆ ರಜೆ ಹಾಕಿ ಮಾಚೇನಹಳ್ಳಿಗೆ ಹೋಗಿ, ಮಾರುವಂಥದ್ದು ಏನಾದರೂ ಇದೆಯಾ ಅಂತ ನನ್ನ ಕಣ್ಣಾರೆ ನೋಡಿ ಬರುತ್ತೇನೆ. ಮಿಕ್ಕಿದ್ದು ಆಮೇಲೆ ಬರೆಯುತ್ತೇನೆ.

೨೩, ಗುರುವಾರ

ಅತ್ತಿಗೆ, ಕಾಗದ ಪೋಸ್ಟಿಗೆ ಹಾಕದೆ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು. ಸಹಿ ಹಾಕಲಿಲ್ಲ.

ನಿನ್ನೆ ಚಂದ್ರಹಾಸ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಟೀಪಾಯಿಯ ಮೇಲೆ ಫಾರಂ ಹರಡಿ, ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟ. ಅತ್ತೆ ದೇವರ ಕೋಣೆಯ ಬಾಗಿಲಿಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಬಂದೆ. ನಿಮ್ಮ ತಮ್ಮ ಹಿಂದೆಯೇ ಬಂದು, ‘ಇದೊಂದ್ಸಲ, ಸುಮಾ. ಆರು ತಿಂಗಳು ಉಸಿರಾಡ್ತೀನಿ’ ಅಂದರು. ಒಂದೆರಡು ಮಾತಾಯಿತು. ಆಮೇಲೆ ಅವರೇ ಹೊರಗೆ ಹೋಗಿ, ‘ಬೇಡಪ್ಪ, ಫಾರಂ ತಗೊಂಡು ಹೋಗು’ ಅಂದುಬಿಟ್ಟರು. ಚಂದ್ರಹಾಸ ಕಾಫಿಯನ್ನೂ ಕುಡಿಯದೆ ಹೋದ.

ಇವತ್ತು ಬೆಳಿಗ್ಗೆ ನಿಮ್ಮ ತಮ್ಮ ಹೊಸ ಲೇತನ್ನು ಕೊಳ್ಳುವವರನ್ನು ಹುಡುಕಿಕೊಂಡು ಹರಿಹರದ ಕಡೆ ಹೋಗಿದ್ದಾರೆ. ಹಳೆಯದೊಂದನ್ನು ಉಳಿಸಿಕೊಂಡು ಶೇಷಪ್ಪನವರ ಜೊತೆ ತಾವೇ ನಿಂತು ಕಡೆಯುತ್ತಾರಂತೆ. ಬಂದ ದುಡ್ಡಿನಲ್ಲಿ ಮೊದಲು ಬಡ್ಡಿ ತಿನ್ನುವ ಕಾರ್ಡು ತೀರಿಸುವುದು, ಓಡಿಗೆ ಮ್ಯಾನೇಜರ ಹತ್ತಿರ ಹೋಗಿ ಕಂತು ಕೇಳುವುದು. ನಾನೂ ಜೊತೆಗೆ ಹೋಗುತ್ತೇನೆ, ಬೈಸಿಕೊಳ್ಳುವುದಿದ್ದರೆ ಇಬ್ಬರೂ ಬೈಸಿಕೊಳ್ಳುತ್ತೇವೆ. ಮನೆ ಉಳಿಯುತ್ತದೆ ಅನ್ನಿಸುತ್ತದೆ. ಅಂತೂ ನೀವು ಹೆದರಬೇಡಿ.

ಪುಟ್ಟಿ ನಿಮ್ಮನ್ನು ತುಂಬಾ ನೆನೆಸುತ್ತಾಳೆ, ರಜೆಗೆ ರಾಣೆಬೆನ್ನೂರಿಗೆ ಕಳಿಸು ಅಂತ ಈಗಿಂದಲೇ ಗಂಟುಬಿದ್ದಿದ್ದಾಳೆ. ನಿಮ್ಮ ಮನೆಯವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ, ಶಿವ ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ.

ನಿಮ್ಮ
ಸುಮನಾ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಚ್ಚಿದೆ.

ಅಡುಗೆಮನೆಯಲ್ಲಿ ಆದ ಮಾತನ್ನು ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಅತ್ತೆಗೆ ಆ ಮಾತು ಅಂದವರು ನೀವು, ಹಾಗಾಗಿ ನಿಮಗೆ ಗೊತ್ತಿರಬೇಕು. ಸೋಮವಾರ ಶೆಡ್ಡಿಗೆ ಹೋದಾಗ ಹಬ್ಬದ ಮಾತು ಬಂದು ಶೇಷಪ್ಪ ಅಂದರು: ‘ಆ ವರಮಹಾಲಕ್ಷ್ಮಿ ಶುಕ್ರವಾರ ನಮಗೂ ಬಟವಾಡೆ ಇರ್ಲಿಲ್ಲ ಅಮ್ಮಾವ್ರೆ. ಅಕೌಂಟಲ್ಲಿ ಏನೂ ಇಲ್ಲ, ಫೌಂಡ್ರಿ ದುಡ್ಡು ಸೋಮವಾರ ಬೀಳುತ್ತೆ, ಆಮೇಲೆ ಕೊಡ್ತೀನಿ ಅಂದಿದ್ರು.’ ಅಂದರೆ ಅವತ್ತು ಚೆಕ್ಕು ಡಬ್ಬಿಗೆ ಬಿದ್ದಿದ್ದರೂ ಶನಿವಾರವೇ ಕ್ಲಿಯರಿಂಗಿಗೆ ಹೋಗಿ ವಾಪಸ್ಸೇ ಬರುತ್ತಿತ್ತು. ನಿಮ್ಮ ತಮ್ಮನಿಗೆ ಅದು ಗೊತ್ತಿತ್ತು. ಚಪ್ಪಲಿ ಮೆಟ್ಟಿದ್ದು ನಮಗೆ ತೋರಿಸಲಿಕ್ಕೆ. ಅತ್ತೆ ಬೇಡ ಅಂದದ್ದು ಅವರಿಗೆ ದೇವರು ಕೊಟ್ಟ ಹಾಗಾಯಿತು.

ನಿನ್ನೆ ಒಲೆಯ ಮುಂದೆ ನಿಂತು ನಾನು ಅವರಿಗೆ ಹೇಳಿದ್ದು ಇಷ್ಟೇ. ‘ಈಗ ಹೊರಗೆ ಹೋಗಿ, ಅವತ್ತು ಅಕೌಂಟಿನಲ್ಲಿ ದುಡ್ಡಿರಲಿಲ್ಲ, ನಿನ್ನದೇನೂ ತಪ್ಪಿಲ್ಲ ಅಂತ ನಿಮ್ಮ ಅಮ್ಮನಿಗೆ ಹೇಳಿ. ನೀವು ಎಲ್ಲಿ ಹೇಳ್ತೀರೋ ಅಲ್ಲಿ ಸಹಿ ಹಾಕ್ತೀನಿ.’ ನಾನು ಮನಸ್ಸಿನಿಂದಲೇ ಹೇಳಿದ್ದೆ ಅತ್ತಿಗೆ, ಹಾಕುತ್ತಿದ್ದೆ. ಅವರು ಉಕ್ಕುತ್ತಿದ್ದ ಹಾಲನ್ನು ಇಳಿಸಿದರು. ಆಮೇಲೆ ಹೋಗಿ ಚಂದ್ರಹಾಸನನ್ನು ಕಳಿಸಿದರು. ಅತ್ತೆಯ ಮುಂದೆಯೇ ಹಾದುಹೋದರು, ಏನೂ ಹೇಳಲಿಲ್ಲ.

ನಾನು ಹೇಳಬಹುದು. ನಾನು ಹೇಳಿದರೆ ಅತ್ತೆ ನಂಬುವುದಿಲ್ಲ, ಸೊಸೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನೀವು ಮಗಳು. ಮೂರು ರಿಂಗ್ ಕೊಟ್ಟು ಇಟ್ಟು ಮತ್ತೆ ಮಾಡಿ, ಅವರನ್ನೇ ಕರೆದು ಕೊಡುತ್ತೇನೆ.

ನಾಳೆ ಶುಕ್ರವಾರ. ಹಾಲಿನ ಕೆಂಚಪ್ಪನಿಗೆ ಕೊಡಲು ಅತ್ತೆ ಈಗಲೇ ಚಿಲ್ಲರೆ ಸೆರಗಿನಲ್ಲಿ ಗಂಟು ಹಾಕಿಕೊಂಡು ಕೂತಿದ್ದಾರೆ.