ಅಮ್ಮನ ಎದುರಿನ ಕುರ್ಚಿ

ಅಪ್ಪಾ,

ನೀವು ತೀರಿಹೋದ ಮೇಲೆ ಅಮ್ಮನಿಗೆ ಉಣಿಸುವ ಕೆಲಸ ನನ್ನ ಪಾಲಿಗೆ ಬಂತು. ಮರೆವಿನ ಕಾಯಿಲೆ ಈಗ ನುಂಗುವುದನ್ನೂ ಮರೆಸುತ್ತಿದೆ. ಗಂಜಿಯನ್ನು ದವಡೆಯಲ್ಲಿ ಒತ್ತರಿಸಿಕೊಂಡು ಸುಮ್ಮನೆ ಕೂತುಬಿಡುತ್ತಾಳೆ. ಬೆನ್ನು ನೆಟ್ಟಗೆ, ಗದ್ದ ಕೆಳಗೆ, ಚಿಕ್ಕ ಚಮಚ ಎಂದು ನುಂಗುವುದನ್ನು ಅಭ್ಯಾಸ ಮಾಡಿಸುವ ಥೆರಪಿಸ್ಟ್ ಹೇಳಿದ್ದನ್ನೆಲ್ಲ ಮಾಡಿದೆ. ಜಪ್ಪಯ್ಯ ಅಂದರೂ ತುತ್ತು ಇಳಿಯುತ್ತಿರಲಿಲ್ಲ.

ನೀವಾದರೆ ಎದುರಿನ ಕುರ್ಚಿಯಲ್ಲಿ ಕೂತು, ಖಾಲಿ ಚಮಚ ಬಾಯಿಗಿಟ್ಟು, ಗದ್ದ ತಗ್ಗಿಸಿ ಗುಟುಕ್ಕನೆ ನುಂಗಿ ತೋರಿಸುತ್ತಿದ್ದಿರಿ. ನಿಮ್ಮನ್ನು ನೋಡಿ ಅವಳೂ ನುಂಗುತ್ತಿದ್ದಳು. "ಅಷ್ಟು ಹಸಿವಾಗಿದ್ರೆ ನೀವೂ ಬಡಿಸ್ಕೊಳ್ಳಿ" ಎಂದು ನಾನು ಅಡುಗೆಮನೆಯಿಂದಲೇ ಗೇಲಿ ಮಾಡುತ್ತಿದ್ದೆ.

ಇವತ್ತು ಬೆಳಿಗ್ಗೆ ಅಮ್ಮ ನನ್ನತ್ತ ನೋಡಲೇ ಇಲ್ಲ. ಎದುರಿನ ಖಾಲಿ ಕುರ್ಚಿಯನ್ನೇ ದಿಟ್ಟಿಸಿದಳು, ಗದ್ದ ತಗ್ಗಿಸಿದಳು, ನುಂಗಿದಳು. ಪ್ರತಿ ಚಮಚಕ್ಕೂ ಹಾಗೆಯೇ ಆಯಿತು. ನನಗೆ ತಡೆಯಲಾಗದೆ ಹೋಗಿ ಆ ಕುರ್ಚಿಯಲ್ಲಿ ಕೂತೆ.

"ಇಷ್ಟು ದೊಡ್ಡವಳಾಗಿ ಅಪ್ಪನ ತೊಡೆ ಮೇಲೆ ಕೂರ್ತೀಯಲ್ಲೇ," ಎಂದಳು. "ಏಳು."

ಎದ್ದೆ. ಮತ್ತೆ ಅವಳ ಪಕ್ಕಕ್ಕೆ ಬಂದು ಉಳಿದದ್ದನ್ನು ತಿನ್ನಿಸಿದೆ. ಕೊನೆಯ ಚಮಚಕ್ಕೆ ಮಾತ್ರ ಅವಳು ನುಂಗದೆ ತಡೆದಳು. ಕೆನ್ನೆ ಉಬ್ಬಿತ್ತು, ಕಣ್ಣು ಕುರ್ಚಿಯ ಮೇಲಿತ್ತು.

"ನುಂಗಮ್ಮಾ," ಎಂದೆ.

ತುಂಬಿದ ಬಾಯಲ್ಲೇ ತೊದಲಿದಳು. "ಅವರಿನ್ನೂ ನುಂಗಿಲ್ಲ."

ಬಾಯಲ್ಲಿ ತುತ್ತಿರುವವರನ್ನು ಬಿಟ್ಟು ಏಳಬಾರದು ಎಂದೂ ಥೆರಪಿಸ್ಟ್ ಹೇಳಿದ್ದರು. ಅದಕ್ಕೇ ಅವಳ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಟ್ಟಲು ಆರಿ ತಣ್ಣಗಾಗಿದೆ. ಅವಳು ಇನ್ನೂ ನಿಮ್ಮನ್ನೇ ನೋಡುತ್ತಿದ್ದಾಳೆ.

ಅಪ್ಪಾ, ನುಂಗಿಬಿಡಿ.