ರಂಗೋಲಿ ಇಲ್ಲದ ಬಾಗಿಲು

ತಾಂಡ್ಯ, ನಂಜನಗೂಡು
೩-೬-೨೦೦೮

ಪ್ರೀತಿಯ ಮಲ್ಲಾಜಮ್ಮ ಮಿಸ್‌ಗೆ,

ನಿಮ್ಮ ಸಬಿತಾಳ ನಮಸ್ಕಾರ. ನೀವು ಸಾಯಿಸಿದ ನಮ್ಮಮ್ಮ ಚೆನ್ನಾಗಿದ್ದಾಳೆ. ಈಗಷ್ಟೇ ಊಟ ಮುಗಿಸಿ, ನಾನು ಬರೆಯುವುದನ್ನೇ ನೋಡುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಳೆ.

ಕೋಪ ಮಾಡಿಕೊಳ್ಳಬೇಡಿ. ಮೊನ್ನೆ ಟಿ. ನರಸೀಪುರದಲ್ಲಿ ನಿಮ್ಮ ಬೀಳ್ಕೊಡುಗೆಯ ದಿನ ಮೈಕ್ ಮುಂದೆ ಆ ಕಥೆ ಹೇಳಿ ನಗಿಸಿದವರು ನೀವೇ. ಒರಿಸ್ಸಾದಿಂದ ಬಂದ, ಭಾಷೆ ಬಾರದ ಹುಡುಗಿಯ ಚಿತ್ರ ನೋಡಿ ಅವಳ ತಾಯಿ ತೀರಿಹೋದಳೆಂದು ತಿಳಿದದ್ದು, ಸಮಾಧಾನ ಹೇಳಲು ಮನೆಗೇ ಹೋದದ್ದು, ಬಾಗಿಲು ತೆಗೆದವಳೇ ಆ ತಾಯಿ ಆಗಿದ್ದದ್ದು. ಚಿತ್ರ ನೋಡಿ ಊಹೆ ಮಾಡಬೇಡಿ, ಮಕ್ಕಳೇ ಹೇಳಲಿ ಎಂದು ಹೊಸ ಮೇಷ್ಟರುಗಳಿಗೆ ಬುದ್ಧಿಯನ್ನೂ ಹೇಳಿದಿರಿ. ಆಮೇಲೆ ಕೆಳಗಿಳಿದು ಬಂದು ಅಮ್ಮನ ಎರಡೂ ಕೈ ಹಿಡಿದು, "ಇಷ್ಟ್ ವರ್ಸ ಆದ್ರೂ ಮರ್ಯಕಾಗ್ನಿಲ್ಲ ಕಣವ್ವ, ತಪ್ಪಾಯ್ತು" ಅಂದಿರಿ.

ಅಮ್ಮ ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಕಡೆಗೇ ತಿರುಗಿಕೊಂಡಿದ್ದು, ನಂಜನಗೂಡಲ್ಲಿ ಇಳಿಯುವಾಗ, "ಆ ಮೇಡಂಗೆ ನಿಜ ಬರ್ದು ಕಳ್ಸು ಕಣಮ್ಮಿ. ಅವ್ರಿನ್ನೂ ತಪ್ಪು ಮಾಡ್ದೆ ಅನ್ಕಂಡವ್ರೆ" ಅಂದಳು. ನೋಡಿ, ಅವಳ ಕನ್ನಡ ಈಗ ನನ್ನದಕ್ಕಿಂತ ಚೆನ್ನಾಗಿದೆ.

ನಮ್ಮ ತಾಂಡ್ಯದ ಶಾಲೆಯಲ್ಲಿ ಆ ಶನಿವಾರ ನೀವು ಹಳೆಯ ಪರೀಕ್ಷೆ ಪೇಪರುಗಳ ಖಾಲಿ ಬದಿ ಕೊಟ್ಟು, ನಿಮ್ಮ ನಿಮ್ಮ ಮನೆ ಬರೆಯಿರಿ ಅಂದಿದ್ದಿರಿ. ಎಲ್ಲರ ಮನೆ ಮುಂದೆಯೂ ರಂಗೋಲಿ. ಗೋಡೆ ಸೊಟ್ಟಗೆ ಬರೆದವರೂ ಚುಕ್ಕಿಗಳನ್ನು ಮಾತ್ರ ಸಾಲಾಗಿ ಇಟ್ಟಿದ್ದರು. ನನ್ನ ಮನೆಯ ಬಾಗಿಲೊಂದೇ ಬೋಳು. ಸೂತಕದ ಮನೆ ಮುಂದೆ ತಾನೇ ರಂಗೋಲಿ ಇರುವುದಿಲ್ಲ? ನೀವು ನನ್ನ ಪಕ್ಕ ನೆಲಕ್ಕೇ ಕೂತು ಮೆಲ್ಲಗೆ, "ಯಾರ್ ಮಗ ತೀರೋದ್ರು? ನಿಮ್ಮವ್ವನಾ?" ಅಂದಿರಿ. ನಾನು ಹೌದೆಂದು ತಲೆಯಾಡಿಸಿದೆ.

ಸತ್ತವನು ನನ್ನ ತಮ್ಮ ಮಿಸ್. ಟುಕುನ, ಎಂಟು ತಿಂಗಳ ಕೂಸು. ನಾವು ತಾಂಡ್ಯಕ್ಕೆ ಬಂದ ಎರಡನೆಯ ತಿಂಗಳಲ್ಲೇ ಜ್ವರ ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅಪ್ಪ ಅವನನ್ನು ಕಪಿಲೆಯ ದಂಡೆಯಲ್ಲಿ ಮಣ್ಣು ಮಾಡಿ ಬಂದು, ಮಗುವನ್ನು ಅಜ್ಜಿಯ ಊರಿಗೆ ಕಳಿಸಿದೆವು ಎಂದು ವಠಾರಕ್ಕೆಲ್ಲ ಹೇಳಿಬಿಟ್ಟ. ಬಂದ ಕೂಡಲೇ ಸಾವಾಯಿತೆಂದರೆ ಬಾಡಿಗೆ ಮನೆ ಬಿಡಿಸುತ್ತಾರೆಂದು ಅವನಿಗೆ ಭಯ. ಅಳು ಹೊರಗೆ ಕೇಳಬಾರದು ಅಂದ. ಅಮ್ಮ ಅಳುವುದಿರಲಿ, ಮಾತನ್ನೇ ಬಿಟ್ಟಳು. ಅನ್ನ ಬೇಯಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಬಾಚಣಿಗೆ ಹಿಡಿದು ನಾನು ಮುಂದೆ ಕೂತರೆ ಕಾಣದವಳಂತೆ ಎದ್ದುಹೋಗುತ್ತಿದ್ದಳು. ತಮ್ಮನನ್ನು ನೆನೆದು ನಾನೂ ಅಳುತ್ತಿದ್ದೆ, ಆದರೆ ಅಮ್ಮ ನನಗೆ ವಾಪಸ್ ಬೇಕಾಗಿತ್ತು.

ನಮ್ಮ ಕಡೆ ಮಾರ್ಗಶಿರದ ಗುರುವಾರಗಳಂದು ಹೆಂಗಸರು ಅಕ್ಕಿಹಿಟ್ಟು ಕಲಸಿ, ಬೆರಳಲ್ಲೇ ಗೋಡೆಗೆ ಭತ್ತದ ತೆನೆ, ಹೊಸ್ತಿಲಿಗೆ ಲಕ್ಷ್ಮಿಯ ಹೆಜ್ಜೆ ಬರೆಯುತ್ತಾರೆ. ಆ ವರ್ಷ ಎರಡು ಗುರುವಾರ ಕಳೆದರೂ ಅಮ್ಮ ಹಿಟ್ಟು ಮುಟ್ಟಲಿಲ್ಲ. ನಿಮ್ಮ ಸಂಪ್ರದಾಯ ನನಗೆ ಗೊತ್ತಿರಲಿಲ್ಲ. ಮನೆ ಹೇಗಿತ್ತೋ ಹಾಗೆ ಬರೆದೆ, ಅಷ್ಟೇ.

ಸೋಮವಾರ ಶಾಲೆ ಬಿಟ್ಟ ಮೇಲೆ ನೀವು ಬಂದಿರಿ. ಸಾವಿನ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವೆಂದು ಬೆಳಿಗ್ಗೆಯೇ ಟಿ. ನರಸೀಪುರದ ನಿಮ್ಮ ಮನೆಯಿಂದ ಕ್ಯಾರಿಯರ್ ತುಂಬ ಅನ್ನ, ಬಸ್ಸಾರು ಹೊತ್ತು ತಂದಿದ್ದಿರಿ. ಎದುರಿಗೆ ಬಂದ ಅಮ್ಮನನ್ನು ಯಾರೋ ನೆಂಟರವಳೆಂದುಕೊಂಡು, "ಬೆಳ್ಯೋ ಮಗೀನ ಬುಟ್ಬುಟ್ಟು ಎಂಗವ್ವ ಓದ್ಲು ಆ ತಾಯಿ" ಎಂದು ಅವಳ ಕೈ ಹಿಡಿದು ಗೊಳೋ ಎಂದು ಅತ್ತಿರಿ. ಅಮ್ಮನಿಗೆ ಒಂದು ಮಾತೂ ತಿಳಿಯಲಿಲ್ಲ. ಕ್ಯಾರಿಯರ್ ನೋಡಿದಳು, ನಿಮ್ಮ ಕಣ್ಣು ನೋಡಿದಳು. ಯಾರೋ ತನ್ನ ಟುಕುನನಿಗಾಗಿ ಅಳಲು ಬಂದಿದ್ದಾರೆ ಅಂದುಕೊಂಡಳು. ನಿಮ್ಮ ಹೆಗಲಿಗೆ ಬಿದ್ದು ಅವಳು ಅತ್ತದ್ದು ಇಡೀ ವಠಾರಕ್ಕೆ ಕೇಳಿಸಿತು. ಬಾಗಿಲ ಹಿಂದೆ ನಿಂತು ನಾನು ಅವತ್ತು ಪಟ್ಟಷ್ಟು ಸಂತೋಷ ಮತ್ತೆಂದೂ ಪಟ್ಟಿಲ್ಲ.

ಅಷ್ಟರಲ್ಲಿ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದ ಅಪ್ಪ, ಇವಳೇ ಹುಡುಗಿಯ ತಾಯಿ ಎಂದು ಅರ್ಧಂಬರ್ಧ ಕನ್ನಡದಲ್ಲಿ ಹೇಳಿದ. ಉಳಿದದ್ದನ್ನು ನುಂಗಿಕೊಂಡ. ನೀವು ಹೋಗಿಬರುತ್ತೇನೆ ಅಂತಲೂ ಅನ್ನದೆ, ಕ್ಯಾರಿಯರನ್ನೂ ಬಿಟ್ಟು ಬಸ್ ಸ್ಟಾಪಿಗೆ ಓಡಿದಿರಿ.

ನೀವು ಓಡಿದ ಮೇಲೂ ಅಮ್ಮನ ಅಳು ನಿಲ್ಲಲಿಲ್ಲ. ಅದನ್ನು ಕೇಳಿ ಮನೆ ಒಡತಿ ದೊಡ್ಡಮ್ಮನೇ ಬಂದರು. ಅಪ್ಪ ಎಲ್ಲವನ್ನೂ ಹೇಳಬೇಕಾಯಿತು. ಅವರು ಮನೆ ಬಿಡಿಸಲಿಲ್ಲ. ಅಪ್ಪನ ಜನ್ಮ ಜಾಲಾಡಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಸಿದರು. ಸಂಜೆ ಅಮ್ಮ ನಿಮ್ಮ ಬಸ್ಸಾರಲ್ಲಿ ಹೊಟ್ಟೆ ತುಂಬ ಉಂಡಳು. ಮರುದಿನ ನನಗೆ ಜಡೆ ಹಾಕಿದಳು, ಕೂದಲು ಕಿತ್ತುಬರುವಷ್ಟು ಬಿಗಿಯಾಗಿ. ಗುರುವಾರ ಗೋಡೆ ತುಂಬ ತೆನೆ ಬರೆದಳು.

ನಾಚಿಕೆಯಿಂದ ತಿಂಗಳು ಕಳೆದು ಕ್ಯಾರಿಯರ್ ಕೇಳಲು ಬಂದ ನೀವು ಆ ಗೋಡೆ ನೋಡಿ, ಅಮ್ಮನನ್ನು ಶಾಲೆಗೆ ಕರೆದೊಯ್ದಿರಿ. ತಾಂಡ್ಯದ ಹುಡುಗಿಯರೆಲ್ಲ ಅವಳ ಸುತ್ತ ಕೂತು ಹಿಟ್ಟಿನಲ್ಲಿ ಬೆರಳದ್ದಿದರು. ಅವಳು ಕನ್ನಡ ಕಲಿಯಲು ಶುರು ಮಾಡಿದ್ದೇ ಅಲ್ಲಿ. ಆಮೇಲೆ ಬಿಹಾರದಿಂದ ಬರಲಿ, ತಮಿಳುನಾಡಿನಿಂದ ಬರಲಿ, ಹೊಸ ಮಗುವಿಗೆ ನೀವು ಅಕ್ಷರಕ್ಕೆ ಮೊದಲು ಬಣ್ಣ ಕೊಡುತ್ತಿದ್ದಿರಿ. ನನ್ನ ಬಾಲವಾಡಿಯಲ್ಲೂ ಈಗ ಅದೇ ಪದ್ಧತಿ. ಆದರೆ ಊಹೆ ಮಾಡಬೇಡಿ ಎಂಬ ನಿಮ್ಮ ಬುದ್ಧಿಮಾತು ನಾನು ಕೇಳುವುದಿಲ್ಲ ಮಿಸ್. ಮಗುವಿನ ಚಿತ್ರ ನೋಡಿ ಸಂಕಟವಾದರೆ ಅದರ ಮನೆಗೆ ಹೋಗುತ್ತೇನೆ. ಹೋಗಿ ಪೆಚ್ಚಾದರೂ ಚಿಂತೆಯಿಲ್ಲ. ನೀವು ಅವತ್ತು ಬಾರದಿದ್ದರೆ ನನಗೆ ಅಮ್ಮ ಇರುತ್ತಿರಲಿಲ್ಲ. ಇನ್ನು ಮೇಲೆ ಯಾರ ಮುಂದೆಯೂ ತಪ್ಪಾಯಿತು ಅನ್ನಬೇಡಿ.

ಅಮ್ಮನ ನಮಸ್ಕಾರವೂ ಇದರ ಜೊತೆಗಿದೆ.

ಎಂದೆಂದಿಗೂ ನಿಮ್ಮ ಹುಡುಗಿ,
ಸಬಿತಾ

ತಾ.ಕ.: ಇದೊಂದನ್ನು ಅಮ್ಮನಿಗೆ ಓದಿ ಹೇಳುವುದಿಲ್ಲ. ಭಾಷೆ ಬಾರದ ಮಗು ಏನೂ ತಿಳಿಯದೆ ತಲೆಯಾಡಿಸಿತು ಅಂದಿರಿ ಮೈಕಿನಲ್ಲಿ. ಆರು ತಿಂಗಳು ವಠಾರದ ನಲ್ಲಿಯಲ್ಲಿ ನೀರು ಹಿಡಿದವಳಿಗೆ ಕನ್ನಡದ ಬೈಗುಳವೂ ಬರುತ್ತಿತ್ತು ಮಿಸ್. ನೀವು ಕೇಳಿದ್ದು ಪೂರ್ತಿ ತಿಳಿದಿತ್ತು. ಸತ್ತದ್ದು ತಮ್ಮ ಅಂದರೆ ಪಾಪ ಎಂದು ನನ್ನ ತಲೆ ಸವರಿ ಸುಮ್ಮನಾಗುತ್ತೀರಿ, ಅಮ್ಮ ಅಂದರೆ ಮನೆಗೆ ಬಂದೇ ಬರುತ್ತೀರಿ ಅನ್ನಿಸಿತು. ಅದಕ್ಕೇ ಹೌದು ಅಂದೆ.