ಮೋಡ ಬಂದ ದಿನ ಕಟ್ಟಿದ ಚಕ್ರ

ಜಗಳೂರು ತಾಲ್ಲೂಕು
21 ಆಗಸ್ಟ್ 1983

ಪ್ರೀತಿಯ ಸಿದ್ದಲಿಂಗಿ,

ಬೈಯುವುದಿದ್ದರೆ ಮೊದಲೇ ಬೈದುಬಿಡು. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಶಾಲೆಯ ಕೆಲಸ ಅಂತ ಸುಳ್ಳು ಹೇಳುವುದಿಲ್ಲ, ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ನ್ಯಾಮತಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೊನ್ನಾಳಿ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನಿಂದ ನನ್ನ ಜಡೆ ಎಳೆಯುತ್ತಿದ್ದವಳು ಈಗ ಅಂಗಡಿಯ ಗಲ್ಲಾ ಮುಂದೆ ಕೂರುತ್ತೀಯಂತೆ. ಗಿರಾಕಿಗಳ ಗತಿ ದೇವರೇ ಬಲ್ಲ! ನಿನ್ನ ಪತ್ರವನ್ನು ಅಬ್ಬಾಗೂ ಓದಿ ಹೇಳಿದೆ.

ನಿನ್ನ ತಮ್ಮ ಮುರುಗೇಶ ಬೆಂಗಳೂರಿನ ಕೆಲಸ ಹೋಗಿ ನಿನ್ನ ಮನೆಯಲ್ಲಿ ಕೂತಿದ್ದಾನೆ, ಏನು ಕೇಳಿದರೂ ಬಾಯಿ ಬಿಡುವುದಿಲ್ಲ, ನಮ್ಮೂರಲ್ಲಿ ಏನಾಯಿತು ಎಂದು ಕೇಳಿದ್ದೀಯ. ಹೇಳುತ್ತೇನೆ. ಆದರೆ ಮೊದಲು ಅವನು ಇಲ್ಲಿ ಏನು ಮಾಡಿದ ಅನ್ನುವುದನ್ನು ಕೇಳು. ಅದನ್ನು ಕಣ್ಣಾರೆ ನೋಡಿದ ಪುಣ್ಯ ನನ್ನದು.

ಹೋದ ವರ್ಷ ಬೆಂಗಳೂರಿನ ಕಚೇರಿಯಿಂದ ಎಂಜಿನಿಯರಾಗಿ ಬಂದು, ನಮ್ಮ ಶಾಲೆಯ ಬಾವಿಯ ಪಕ್ಕ ಅವನು ನೀರೆತ್ತುವ ಗಾಳಿಯಂತ್ರ ನಿಲ್ಲಿಸಿದ. ತೆಂಗಿನಮರದೆತ್ತರದ ಕಬ್ಬಿಣದ ಕಂಬ, ಮೇಲೆ ತಗಡಿನ ರೆಕ್ಕೆಗಳ ಚಕ್ರ. ಇದು ಪ್ರಯೋಗ, ಇಲ್ಲಿ ಗೆದ್ದರೆ ಸರ್ಕಾರ ತಾಲ್ಲೂಕಿನ ಉಳಿದ ಊರುಗಳಿಗೂ ಹಣ ಕೊಡುತ್ತದೆ ಎಂದ. ಆಷಾಢದಲ್ಲಿ ನಮ್ಮ ಕಡೆಯ ಗಾಳಿ ಎಂಥದ್ದು ಅಂತ ನಿನಗೆ ಗೊತ್ತಲ್ಲ, ಒಣಹಾಕಿದ ಸೀರೆ ಪಕ್ಕದೂರಲ್ಲಿ ಸಿಗುತ್ತದೆ. ಅದೇ ಗಾಳಿಗೆ ಚಕ್ರ ತಿರುಗಿತು, ಕೊಳವೆ ಗೊರಗೊರ ಎಂದಿತು, ನೀರು ಬಂತು. ಮಕ್ಕಳು ಕೂಗುತ್ತಾರೆ ಅಂದುಕೊಂಡಿದ್ದೆ. ಅವರು ತಲೆಯೆತ್ತಿ ಚಕ್ರವನ್ನೇ ನೋಡುತ್ತಿದ್ದರು. ನಮ್ಮ ಶಾಲೆಯ ಅಡುಗೆಯ ದುರುಗಕ್ಕ ಕೊಡ ಕೆಳಗಿಟ್ಟು ಬಾವಿ ಸುತ್ತ ಎರಡು ಸುತ್ತು ಹಾಕಿ, "ಎಳೆಯೋರು ಎಲ್ಲಿ ಕುಂತಾರೆ ತಾಯಿ?" ಎಂದು ನನ್ನನ್ನೇ ಕೇಳಿದಳು. ಗಾಳಿ ಎಳೀತೈತೆ ಅಂದೆ. ಅವಳು ಎರಡೂ ಕೈಯನ್ನು ನೀರಿಗೆ ಒಡ್ಡಿ ಎಷ್ಟೋ ಹೊತ್ತು ಹಾಗೇ ನಿಂತಳು.

ಅಬ್ಬಾ ಗೊತ್ತಲ್ಲ, ಗಾಡಿಚಕ್ರ ಮಾಡಿಯೇ ಮುದುಕರಾದವರು. ಮುರುಗೇಶ ಅವರನ್ನೇ ಕಾವಲಿಗೆ ಇಟ್ಟ. ಏಣಿಯ ಬೀಗದ ಕೈ ಅವರ ಜೇಬಿನಲ್ಲಿ. ದಿನವೂ ಅದರ ಕೆಳಗೆ ಕೂತು ಸದ್ದು ಕೇಳುವರು. "ಎಣ್ಣೆ ಬ್ಯಾಡ, ಕರೆಂಟ್ ಬ್ಯಾಡ. ಅಲ್ಲಾ ಗಾಳೀನ ಕೂಲಿಗೆ ಕಳ್ಸ್ಯಾನೆ ಬೇಟಿ" ಎನ್ನುವರು.

ಆದರೆ ಈ ವರ್ಷ ಮೋಡ ಬರುತ್ತಿತ್ತು, ಮಳೆ ಬರಲಿಲ್ಲ. ಊರಿನ ಚೇರ್ಮನ್ ಗಾದ್ರಪ್ಪನವರು ಶುರು ಮಾಡಿದರು. "ಆ ಚಕ್ರ ಬಂದಾಗಿಂದ ಮೋಡ ನಿಲ್ಲವಲ್ದು. ಕಣದಾಗೆ ಹೊಟ್ಟು ತೂರಿದಂಗೆ ತೂರಿ ಓಡಿಸ್ತೈತೆ." ಮುರುಗೇಶ ಮೋಡ ಎಷ್ಟು ಮೇಲಿರುತ್ತದೆ, ಚಕ್ರ ಎಷ್ಟು ಕೆಳಗಿದೆ ಎಂದು ನನ್ನ ಬೋರ್ಡಿನ ಮೇಲೆ ಬರೆದು ತೋರಿಸಿದ. ಅಷ್ಟಕ್ಕೇ ಸುಮ್ಮನಿರದೆ, ಲೋಕದ ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಸೇರಿ ಮುಂದೊಂದು ಕಾಲಕ್ಕೆ ಭೂಮಿಯನ್ನೇ ಬಿಸಿ ಮಾಡುತ್ತದೆ, ಮಳೆಗಾಲವೇ ಕೆಡಬಹುದು ಎಂದೂ ಹೇಳಿದ. ಗಾದ್ರಪ್ಪ ನಕ್ಕರು. "ಹೊಗೆಗೆ ಮಳೆ ಕೆಡ್ತೈತೆ, ನಿಮ್ಮ ಚಕ್ರಕ್ಕೆ ಮಾತ್ರ ಕೆಡಾಕಿಲ್ಲ ಅಂತೀರಲ್ರೀ?"

ಹೋದ ತಿಂಗಳು ದಿಲ್ಲಿಯಿಂದ ಸಮಿತಿ ಬಂತು. ಹಣ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಹೇಳುವವರು ಅವರೇ. ಮುರುಗೇಶ ಹೊಸ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಬೆಳಗಾಗುವಷ್ಟರಲ್ಲಿ ಪಡುವಣದಿಂದ ಕಪ್ಪು ಮೋಡ ಬಂದು ಊರ ಮೇಲೆ ನಿಂತಿತ್ತು. ನೋಡಿದರೆ ಚಕ್ರವನ್ನು ಯಾರೋ ಹಗ್ಗದಿಂದ ಕಂಬಕ್ಕೆ ಬಿಗಿದಿದ್ದರು. ಅವನು ಏಣಿ ಹತ್ತಲು ಹೋದರೆ ಊರೇ ಅಡ್ಡ ನಿಂತಿತು. "ಇವತ್ತೊಂದಿನ ಬಿಡ್ರಿ ಸ್ವಾಮಿ, ಕಾಲಿಗೆ ಬೀಳ್ತೀವಿ." ಜಗಳವಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕಾಲಿಗೆ ಬೀಳುವವರ ಜೊತೆ ಏನು ಮಾಡುವುದು? ಸಮಿತಿಯವರು ಜೀಪಿನಿಂದ ಇಳಿದು, ನಿಂತ ಚಕ್ರ ನೋಡಿದರು. ಅವರಲ್ಲಿ ಕನ್ನಡ ಬಲ್ಲ ಒಬ್ಬರು, "ಮುಂದಿನ ವರ್ಷ ಕರೆಂಟ್ ಕಂಬ ಬರ್ತಾವಂತಲ್ರೀ, ಗಾಳಿಗ್ಯಾಕೆ ದುಡ್ಡು?" ಎಂದರು. ಕಾಫಿ ಕುಡಿದು ಹೊರಟರು.

ಅವರ ಜೀಪು ಕೆರೆ ದಾಟಿರಲಿಲ್ಲ, ಮಳೆ ಬಂತು! ಎಂಥ ಮಳೆ ಅಂತೀಯ! ಜನ ಕುಣಿದರು. ನಾನೂ ಅಂಗಳಕ್ಕಿಳಿದು ನೆನೆದೆ, ನಾಚಿಕೆಯಿಲ್ಲದೆ. ಮುರುಗೇಶ ಶಾಲೆಯ ಜಗುಲಿಯಲ್ಲಿ ಕೂತು ಅಳುತ್ತಿದ್ದ, ಆಮೇಲೆ ನಗುತ್ತಿದ್ದ. "ಪಕ್ಕದೂರಿಗೂ ಬಂದೈತಲ್ರೀ, ಅಲ್ಲಿ ಯಾವ ಚಕ್ರ ಕಟ್ಟಿದ್ರಿ?" ಎಂದು ಗಾದ್ರಪ್ಪನವರನ್ನು ಕೇಳಿದೆ. "ನಾವು ಕಟ್ಟಿದ್ದಕ್ಕೇ ಅವರಿಗೂ ಬಂತು ಟೀಚರಮ್ಮ" ಎಂದುಬಿಟ್ಟರು.

ಮಾರನೇ ದಿನ ಹಗ್ಗ ಬಿಚ್ಚಿದರು. ಆವತ್ತಿನಷ್ಟು ಚೆನ್ನಾಗಿ ಅದು ಎಂದೂ ತಿರುಗಿರಲಿಲ್ಲ. ತೊಟ್ಟಿ ತುಂಬಿ ಅಂಗಳಕ್ಕೆ ಹರಿಯಿತು. ನೋಡಲು ದಿಲ್ಲಿಯವರಿರಲಿಲ್ಲ. ಈಗ ಹಣ ನಿಂತಿದೆ, ಅದರ ಜೊತೆ ಅವನ ಕೆಲಸವೂ ಹೋಯಿತು, ಬರುವ ತಿಂಗಳು ಬಿಚ್ಚಿಕೊಂಡು ಹೋಗುತ್ತಾರಂತೆ. ಅಲ್ಲಿಯವರೆಗೆ ದಿನವೂ ತಲೆಯೆತ್ತಿ ನೋಡುತ್ತೇನೆ. ಕಣ್ಣಿಗೆ ಕಾಣದ ಗಾಳಿಯಿಂದ ನೀರು ತರಿಸಿದವನು ನಮ್ಮ ಮುರುಗೇಶ. ಅವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕು, ಉಪದೇಶ ಬೇಡ. ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಅಂಗಡಿ ಬೆಳೆಯಲಿ.

ನಿನ್ನ
ಜಹಾನಾರಾ

ತಾ.ಕ.: ಹಗ್ಗ ಕಟ್ಟಿದ್ದು ಗಾದ್ರಪ್ಪ ಎಂದು ಮುರುಗೇಶ ತಿಳಿದಿದ್ದಾನೆ. ಅವರಲ್ಲ ಸಿದ್ದಲಿಂಗಿ, ಅಬ್ಬಾ. ಹಿಂದಿನ ಸಂಜೆ ಯಾರೋ ಅಬ್ಬಾ ಹತ್ತಿರ ಬಂದು, "ಮಳೆ ಬರದಿದ್ರೆ ಜನ ಗಾಳೀನ ಕೇಳಾಕಿಲ್ಲ ಲಾಲ್‌ಸಾಬ್, ನಿಮ್ಮನ್ನ ಕೇಳ್ತಾರೆ" ಎಂದು ಮೆತ್ತಗೆ ಹೇಳಿಹೋದರು. ಊರಲ್ಲಿ ಸಾಬರದು ನಮ್ಮದೊಂದೇ ಮನೆ. ಅವತ್ತಿನಿಂದ ಅಬ್ಬಾ ಆ ನೀರು ಕುಡಿದಿಲ್ಲ, ಚಕ್ರದ ಕೆಳಗೆ ಕೂತಿಲ್ಲ. ಮುರುಗೇಶನಿಗೆ ಹೇಳುವುದೋ ಬಿಡುವುದೋ ನಿನಗೇ ಬಿಟ್ಟೆ. ನಿನ್ನ ಪತ್ರದ ಕೊನೆಗೆ, "ಆ ಊರಲ್ಲಿ ನನ್ನ ಚಕ್ರವನ್ನು ನಂಬಿದವರು ಲಾಲ್‌ಸಾಬ್ ಚಾಚಾ ಒಬ್ಬರೇ, ಅವರಿಗೆ ನನ್ನ ಸಲಾಂ ತಿಳಿಸು" ಎಂದು ಅವನು ಹೇಳಿದ್ದನ್ನು ಬರೆದಿದ್ದೀಯಲ್ಲ, ಅದೊಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಅಬ್ಬಾಗೆ ಓದಿ ಹೇಳಿದೆ.